ಬಿ.ಡಿ.ನೋ ಎಂ.ಡಿವ್.ನೋ ಆಮೇಲೆ ನೋಡೋಣ, ನಿಮ್ಮನ್ನು ಕಳಿಸೋ ಸಭೆ ಯಾವುದು?

ಪ್ರಶ್ನೆ: ನಾನು ಗದಗ-ಬೆಟಗೇರಿ ಕಡೆಯವಳು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ವಯಸ್ಸು 27. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಐದು ವರ್ಷದಿಂದ ಸಾಫ್ಟ್‌ವೇರ್ ಕೆಲಸ. ಇದನ್ನು ಬಿಟ್ಟು ಥಿಯಾಲಜಿ ಓದಿ ಸಭಾಪಾಲಕಿ ಆಗಬೇಕು ಅಂತ ಮೂರು ವರ್ಷದಿಂದ ಮನಸ್ಸಿನಲ್ಲಿದೆ. ಒಬ್ಬರು ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಮಾಡು ಅಂತಾರೆ. ಇನ್ನೊಬ್ಬರು ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ) ಮಾಡು, ಮೂರೇ ವರ್ಷ ಅಂತಾರೆ. ಗೆಳತಿಯೊಬ್ಬಳು ಸೀದಾ ಅಮೆರಿಕಕ್ಕೆ ಹೋಗು ಅಂತಾಳೆ. ಮನೆಯಲ್ಲಿ ಮಾತು ಕನ್ನಡ, ಓದಿದ್ದೆಲ್ಲ ಇಂಗ್ಲಿಷ್. ಅಮ್ಮನದು ಒಂದೇ ಪ್ರಶ್ನೆ: ಓದಿ ಆಮೇಲೆ ಏನು? ಯಾವ ಕೋರ್ಸು, ಯಾವ ಕಾಲೇಜು ಅಂತ ಹೇಳಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೋರ್ಸು ಇದೆ, ದೇಶ ಇದೆ, ಗೆಳತಿ ಇದ್ದಾಳೆ, ಅಮ್ಮ ಇದ್ದಾರೆ. ನಿಮ್ಮ ಅಯ್ಯನವರು ಎಲ್ಲಿ? ಮೂರು ವರ್ಷದಿಂದ ಮನಸ್ಸಿನಲ್ಲಿರುವ ಮಾತನ್ನು ನಿಮ್ಮ ಸಭಾಪಾಲಕರಿಗೆ ಹೇಳಿದ್ದೀರಾ? ಪತ್ರದಲ್ಲಂತೂ ಆ ಸುದ್ದಿಯೇ ಇಲ್ಲ.

ತಪ್ಪು ಹುಡುಕುತ್ತಿಲ್ಲ. ನಾನು ಹಳ್ಳಿ ಸಭೆಗಳಲ್ಲಿ ಒಂದಷ್ಟು ವರ್ಷ ಇದ್ದು ಆಮೇಲೆ ಹೊಸ ಒಡಂಬಡಿಕೆ ಪಾಠ ಮಾಡಿದವನು. ನನ್ನ ಹತ್ತಿರ ಕೇಳಲು ಬಂದವರೆಲ್ಲ ಹೆಚ್ಚುಕಡಿಮೆ ಇದೇ ಸಾಲಿನಲ್ಲಿ ಕೇಳುತ್ತಿದ್ದರು. ಮೊದಲು ಕಾಲೇಜು, ಆಮೇಲೆ ಡಿಗ್ರಿ, ಕೊನೆಗೆ ಸಭೆ. ಎಂ.ಬಿ.ಎ.ಗೆ ಈ ಸಾಲು ಸರಿ. ಓದಿ, ಬಯೋಡೇಟಾ ಹಿಡಿದು ಹತ್ತು ಕಂಪನಿ ಬಾಗಿಲು ತಟ್ಟಬಹುದು. ಸಿ.ಎಸ್.ಐ.ನಲ್ಲಿ ಹಾಗೆ ನಡೆಯುವುದಿಲ್ಲ. ಬಿ.ಡಿ. ಪಾಸಾದ ಮಾತ್ರಕ್ಕೆ ಯಾರೂ ಸಭಾಪಾಲಕರಾಗುವುದಿಲ್ಲ. ದೀಕ್ಷೆ ಕೊಡುವುದು ಡಯಾಸಿಸ್ (ಒಂದು ಪ್ರದೇಶದ ಸಭೆಗಳೆಲ್ಲ ಸೇರಿದ ಸಭಾಪ್ರಾಂತ), ಅದರ ಬಿಷಪ್. ಯಾರಿಗೆ ಕೊಡಬಹುದು ಅನ್ನುವ ಯೋಚನೆಯನ್ನು ಅವರು ಕಾಲೇಜಿಗೆ ಕಳಿಸುವ ಮೊದಲೇ ಸುಮಾರಾಗಿ ಮಾಡಿರುತ್ತಾರೆ. ಸ್ವಂತ ದುಡ್ಡಲ್ಲಿ ಎಲ್ಲೋ ಓದಿ, ಒಳ್ಳೆ ಮಾರ್ಕ್ಸ್ ತೆಗೆದು, ಆಮೇಲೆ ಡಯಾಸಿಸ್ ಕಚೇರಿ ಮುಂದೆ ಬಂದು ನಿಂತವರನ್ನು ನೋಡಿದ್ದೇನೆ. ಅವರಿಗೆ ಎದುರಾಗುವ ಮೊದಲ ಮಾತು, "ಹೋಗುವಾಗ ನಮಗೆ ಹೇಳಿ ಹೋಗಿದ್ರಾ?"

ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ನಿಮ್ಮ ಸಭೆಯ ಸಭಾಪಾಲಕರೂ ಕಮಿಟಿಯೂ ಶಿಫಾರಸು ಮಾಡಬೇಕು. ಡಯಾಸಿಸ್‌ನವರು ಸಂದರ್ಶನ ಮಾಡುತ್ತಾರೆ. ಗದಗ ಕಡೆಯವರು ಅಂದರೆ ನಿಮ್ಮದು ಧಾರವಾಡದಲ್ಲಿ ಕಚೇರಿ ಇರುವ ಕರ್ನಾಟಕ ಉತ್ತರ ಸಭಾಪ್ರಾಂತ. ಅವರು ಒಪ್ಪಿದರೆ ಅಭ್ಯರ್ಥಿ ಅಂತ ಕಾಲೇಜಿಗೆ ಕಳಿಸುತ್ತಾರೆ. ಅಲ್ಲಿ ಬೇರೆ ಪ್ರವೇಶ ಪರೀಕ್ಷೆ, ಬೇರೆ ಸಂದರ್ಶನ. ಓದು ಮುಗಿದ ಮೇಲೆ ಯಾವುದಾದರೂ ಸಭೆಯಲ್ಲಿ ಹಿರಿಯರೊಬ್ಬರ ಕೈಕೆಳಗೆ ಕೆಲಸ. ಆಮೇಲೆ ಡೀಕನ್ ಅನ್ನುವ ಮೊದಲ ಹಂತದ ದೀಕ್ಷೆ, ಅದಾದ ಮೇಲೆ ಪ್ರೆಸ್ಬಿಟರ್, ಅಂದರೆ ಪೂರ್ತಿ ಸಭಾಪಾಲಕರ ದೀಕ್ಷೆ. ಇವತ್ತು ಹೊರಟರೂ ಒಂದು ಸಭೆ ನಿಮ್ಮ ಕೈಗೆ ಬರುವ ಹೊತ್ತಿಗೆ ನಿಮಗೆ 33, 34 ಆಗಿರುತ್ತದೆ. ಇದನ್ನು ಅಮ್ಮನಿಗೂ ಈಗಲೇ ಹೇಳಿಬಿಡಿ.

ಹಾಗಾದರೆ ಬಿ.ಡಿ. ಯಾಕೆ, ಎಂ.ಡಿವ್. ಯಾಕೆ ಅಲ್ಲ? ಇದಕ್ಕೆ ಸ್ವಲ್ಪ ಹಳೇ ಕಥೆ ಹೇಳಬೇಕು. ಬಂಗಾಳದಲ್ಲಿ ಹೂಗ್ಲಿ ದಂಡೆಯ ಸೆರಾಂಪುರ ಒಂದು ಕಾಲಕ್ಕೆ ಡೆನ್ಮಾರ್ಕಿನವರ ಕೈಯಲ್ಲಿತ್ತು. ಅಲ್ಲಿ ವಿಲಿಯಂ ಕೇರಿ, ಮಾರ್ಷ್‌ಮನ್, ವಾರ್ಡ್ ಅನ್ನುವ ಮೂವರು ಮಿಷನರಿಗಳು ಸೇರಿ 1818ರಲ್ಲಿ ಕಾಲೇಜು ಕಟ್ಟಿದರು. 1827ರಲ್ಲಿ ಡೆನ್ಮಾರ್ಕಿನ ರಾಜ ಆರನೆಯ ಫ್ರೆಡೆರಿಕ್ ಅದಕ್ಕೆ ಡಿಗ್ರಿ ಕೊಡುವ ಹಕ್ಕಿನ ಸನ್ನದು ಕೊಟ್ಟ. 1845ರಲ್ಲಿ ಊರನ್ನು ಇಂಗ್ಲಿಷರಿಗೆ ಮಾರಿದಾಗಲೂ ಆ ಹಕ್ಕನ್ನು ಒಪ್ಪಂದದಲ್ಲೇ ಉಳಿಸಿಕೊಂಡರು. 1918ರಲ್ಲಿ ಬಂಗಾಳದ ಶಾಸನಸಭೆ ಅದಕ್ಕೊಂದು ಕಾಯ್ದೆಯನ್ನೂ ಮಾಡಿತು. ಇವತ್ತು ದೇಶದ ತುಂಬ ಹರಡಿರುವ ಎಷ್ಟೋ ಥಿಯಾಲಜಿ ಕಾಲೇಜುಗಳು ಸೆರಾಂಪುರ ಸೆನೆಟ್ಟಿನ, ಅಂದರೆ ಆ ಡಿಗ್ರಿಗಳನ್ನು ನೋಡಿಕೊಳ್ಳುವ ಮಂಡಳಿಯ, ಕೆಳಗಿವೆ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು (ಯು.ಟಿ.ಸಿ.), ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಎರಡೂ ಅದರೊಳಗೇ ಬರುತ್ತವೆ. ಡಿಗ್ರಿ ಸರ್ಟಿಫಿಕೇಟು ಸೆನೆಟ್ಟಿನದೇ. ಸಿ.ಎಸ್.ಐ. ಡಯಾಸಿಸ್‌ಗಳು ಸಾಮಾನ್ಯವಾಗಿ ಕೇಳುವುದು ಈ ಬಿ.ಡಿ.ಯನ್ನೇ. ಡಿಗ್ರಿ ಆದವರಿಗೆ 4 ವರ್ಷ, ಪಿ.ಯು.ಸಿ. ಆದವರಿಗೆ 5 ವರ್ಷ.

ಎಂ.ಡಿವ್. ಬೇರೆ ದಾರಿ. ಇವಾಂಜೆಲಿಕಲ್ ಕಾಲೇಜುಗಳು ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್ ಅಂತ ಒಂದು ಕೂಟ ಮಾಡಿಕೊಂಡಿವೆ. ಅದು ಕಾಲೇಜಿನ ಮಟ್ಟ ನೋಡಿ ಮಾನ್ಯತೆ ಕೊಡುತ್ತದೆ. ಡಿಗ್ರಿ ಆದವರಿಗೆ ಸಾಮಾನ್ಯವಾಗಿ ಮೂರು ವರ್ಷದ ಎಂ.ಡಿವ್. ಪಾಠ ಕಳಪೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೆಂಗಳೂರು ಕೊತ್ತನೂರಿನ ಸಯಾಕ್ಸ್ ಅನ್ನುವ ಇಂಥ ಕಾಲೇಜಿನಲ್ಲಿ ಮೇಲಿನ ಹಂತದ ಓದಿಗೆ ಇರುವ ಲೈಬ್ರರಿ ನೋಡಿ ನಾನೇ ಹೊಟ್ಟೆ ಉರಿದುಕೊಂಡವನು. ಪೆಂತೆಕೋಸ್ತ್ ಸಭೆ, ಸ್ವತಂತ್ರ ಸಭೆ, ಮಿಷನ್ ಸಂಸ್ಥೆಗಳಿಗೆ ಆ ದಾರಿ ಸರಿಹೋಗುತ್ತದೆ. ನೀವು ಸಿ.ಎಸ್.ಐ.ನಲ್ಲೇ ದೀಕ್ಷೆ ತಗೊಳ್ಳುವವರು ಅಂದರೆ ಒಂದು ವರ್ಷ ಉಳಿಯುತ್ತೆ ಅಂತ ಅಲ್ಲಿಗೆ ಹೋಗಿ, ಆಮೇಲೆ ಇನ್ನೆರಡು ವರ್ಷ ಅಲೆಯೋದು ಬೇಡ. ಇದು ನಿಮ್ಮೊಬ್ಬರಿಗೆ ಹೇಳುವ ಮಾತು. ಬೇರೆ ಸಭೆಯವರಿಗೆ ಉತ್ತರವೂ ಬೇರೆ. ಅದಕ್ಕೇ ಸಭೆ ಮೊದಲು ಅಂದದ್ದು.

ಈಗ ಬಲ್ಮಠವಾ, ಬೆಂಗಳೂರಾ? ನನಗೆ ಬಹಳ ಹೇಳೋದಿರುವುದು ಇಲ್ಲೇ.

ಬೆಂಗಳೂರಿನ ಯು.ಟಿ.ಸಿ. 1910ರದು. ಮಿಲ್ಲರ್ಸ್ ರಸ್ತೆಯಲ್ಲಿದೆ. ಪಾಠ ಇಂಗ್ಲಿಷಿನಲ್ಲಿ. ನಾಗಾಲ್ಯಾಂಡಿನಿಂದ ಕೇರಳದ ತನಕ ಎಲ್ಲ ಕಡೆಯವರೂ ಬರುತ್ತಾರೆ. ಮಿಷನ್ ಕಾಲದ ಕಾಗದಪತ್ರಗಳ ದೊಡ್ಡ ಸಂಗ್ರಹವಿದೆ. ಬಲ್ಮಠದ್ದು ಬಾಸೆಲ್ ಮಿಷನ್ನಿನವರು 1847ರಲ್ಲಿ ಶುರು ಮಾಡಿದ ಸೆಮಿನರಿಯ ಬೇರಿನಿಂದ ಬಂದದ್ದು, ಈಗಿನ ರೂಪಕ್ಕೆ ಬಂದದ್ದು 1965ರಲ್ಲಿ. ಅಲ್ಲಿ ಕನ್ನಡದಲ್ಲಿ ಬಿ.ಡಿ. ಓದಬಹುದು. ಇಂಗ್ಲಿಷಿನಲ್ಲಿ ಬಿ.ಇ. ಮಾಡಿದವರು ಯೋಚನೆಯೇ ಇಲ್ಲದೆ ಬೆಂಗಳೂರು ಅಂತಾರೆ. ನಾನು ನಿಮಗೆ ಬಲ್ಮಠ ಅನ್ನುತ್ತೇನೆ.

ಯಾಕೆ ಅಂತ ನನ್ನ ಸ್ವಂತ ಪೇಚಾಟದಿಂದಲೇ ಹೇಳುತ್ತೇನೆ. ನಾನು ಓದಿದ್ದು ಇಂಗ್ಲಿಷಿನಲ್ಲಿ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೇಲೆ ಇಡೀ ಒಂದು ಟರ್ಮ್ ಕೂತು ಟಿಪ್ಪಣಿ ಬರೆದವನು. ಮನುಷ್ಯ ತನ್ನ ಒಳ್ಳೆಯತನದಿಂದಲ್ಲ, ನಂಬಿಕೆಯಿಂದಲೇ ದೇವರ ಮುಂದೆ ಸರಿ ಅನಿಸಿಕೊಳ್ಳುತ್ತಾನೆ ಅನ್ನುವುದು ಆ ಪತ್ರದ ಹೃದಯ. ಗ್ರೀಕಿನಲ್ಲಿ ಆ ಪದ ದಿಕಾಯೊಸುನೆ. ಕನ್ನಡ ಬೈಬಲಿನಲ್ಲಿ ಅದು "ನೀತಿ". ಮೊದಲ ಸಭೆಗೆ ಹೋದ ಎರಡನೇ ತಿಂಗಳಲ್ಲೇ ಉತ್ಸಾಹದಿಂದ ಪ್ರಸಂಗ ಮಾಡಿದೆ. ನಂಬಿಕೆಯಿಂದ ನೀತಿವಂತರಾಗುತ್ತೇವೆ, ನಂಬಿಕೆಯಿಂದ ನೀತಿವಂತರಾಗುತ್ತೇವೆ ಅಂತ ನಲವತ್ತು ನಿಮಿಷ. ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು ಕೈಹಿಡಿದು, "ಬಹಳ ಚಲೋ ಹೇಳಿದ್ರಿ ಅಯ್ಯನವರೆ, ಈಗಿನ ಹುಡುಗರಿಗೆ ನೀತಿನೇ ಇಲ್ಲ, ಇಂಥದ್ದನ್ನ ಹೇಳಬೇಕು" ಅಂದರು.

ನಗು ಬಂತಾ? ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ ಅವರ ಕಿವಿಗೆ ಹೋಗಿತ್ತು. ತಪ್ಪು ಅವರದಲ್ಲ. ಕನ್ನಡದಲ್ಲಿ ನೀತಿ ಅಂದರೆ ನೀತಿಕಥೆಯ ನೀತಿ, ನಡತೆ, ಒಳ್ಳೆ ಬುದ್ಧಿ. ನಾನು ಇಂಗ್ಲಿಷಿನಲ್ಲಿ ಯೋಚನೆ ಮಾಡಿ ಕನ್ನಡದ ಪದ ಬಾಯಿಗೆ ಹಾಕಿಕೊಂಡಿದ್ದೆ ಅಷ್ಟೇ. ಆ ಪದವನ್ನು ಬಿಡೋಕಾಗಲ್ಲ, ಜನರ ಬೈಬಲಿನಲ್ಲಿ ಅದೇ ಇದೆ. ಹಾಗೇ ಬಿಟ್ಟರೆ ಅರ್ಥ ಕೆಡುತ್ತದೆ. ನ್ಯಾಯ ಅನ್ನಲಾ? ಆಗ ಕೋರ್ಟು ಕಣ್ಣ ಮುಂದೆ ಬರುತ್ತದೆ. ಹಾಗೆ ಬಂದರೆ ಅಷ್ಟು ತಪ್ಪೂ ಅಲ್ಲ, ಪೌಲನ ಮಾತಿನಲ್ಲಿ ಕೋರ್ಟಿನ ವಾಸನೆ ಇದ್ದೇ ಇದೆ. ಈ ಜಗ್ಗಾಟ ಇದೆಯಲ್ಲ, ನನ್ನ ಮಟ್ಟಿಗೆ ಥಿಯಾಲಜಿ ಶುರುವಾದದ್ದು ಅಲ್ಲಿಂದ. ಕಾಲೇಜಿನಲ್ಲಿ ಇದ್ದಾಗಲ್ಲ.

ಇಂಥವು ಹತ್ತಾರಿವೆ. ಕೀರ್ತನೆಗಳಲ್ಲಿ ಮತ್ತೆ ಮತ್ತೆ ಬರುವ ಹೆಸೆದ್ ಅನ್ನುವ ಇಬ್ರಿಯ ಪದ, ಹೊಸ ಒಡಂಬಡಿಕೆಯ ಖಾರಿಸ್ ಅನ್ನುವ ಗ್ರೀಕ್ ಪದ, ಎರಡೂ ಕನ್ನಡದಲ್ಲಿ ಬಹಳ ಕಡೆ "ಕೃಪೆ"ಯೇ ಆಗಿವೆ. ಮೊದಲನೆಯದರಲ್ಲಿ ಕೊಟ್ಟ ಮಾತಿಗೆ ಕಟ್ಟುಬಿದ್ದ ನಿಷ್ಠೆ ಇದೆ. ಇನ್ನೊಂದು ಸುಮ್ಮನೆ ಕೊಟ್ಟ ಕೊಡುಗೆ. ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದ ಪ್ರಸಂಗಿ ಎರಡನ್ನೂ ಕಲಸುಮೇಲೋಗರ ಮಾಡುತ್ತಾನೆ. ರೂಆಖ್ ಅನ್ನುವ ಪದ ನೋಡಿ. ಇಬ್ರಿಯದಲ್ಲಿ ಗಾಳಿಗೂ ಅದೇ, ಉಸಿರಿಗೂ ಅದೇ, ಆತ್ಮಕ್ಕೂ ಅದೇ. ಯೆಹೆಜ್ಕೇಲನ ಒಣ ಎಲುಬುಗಳ ಕಣಿವೆಯ ಕಥೆಯಲ್ಲಿ ಆ ಒಂದೇ ಪದ ಮೂರೂ ಅರ್ಥದಲ್ಲಿ ತಿರುಗುತ್ತದೆ. ಕನ್ನಡದಲ್ಲಿ ಓದುವವರಿಗೆ ಆ ಆಟ ಕಾಣುವುದೇ ಇಲ್ಲ, ಯಾರಾದರೂ ಬಿಡಿಸಿ ತೋರಿಸದಿದ್ದರೆ. ಗ್ರೀಕು, ಇಬ್ರಿಯ ಓದೋದು ಇದಕ್ಕೆ. "ಮೂಲದಲ್ಲಿ ಹೀಗಿದೆ" ಅಂತ ಪುಲ್ಪಿಟ್ಟಿನಲ್ಲಿ ಧಿಮಾಕು ಮಾಡೋದಕ್ಕಲ್ಲ. ಅದನ್ನು ಮಾಡುವವರೂ ಇದ್ದಾರೆ, ಅವರ ಗ್ರೀಕು ಸಾಮಾನ್ಯವಾಗಿ ಅಕ್ಷರಮಾಲೆ ದಾಟಿರುವುದಿಲ್ಲ.

ನೀವು ಗದಗದವರಾದ್ದರಿಂದ ಒಂದು ಹೆಸರು ಹೇಳಲೇಬೇಕು. ಉತ್ತಂಗಿ ಚನ್ನಪ್ಪನವರು. ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ ಓದಿ ನಿಮ್ಮ ಕಡೆಯ ಸಭೆಗಳಲ್ಲೇ ಸಭಾಪಾಲಕರಾಗಿದ್ದವರು. ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ, ತಿದ್ದಿ, ಅಚ್ಚು ಹಾಕಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಪಾದ್ರಿಗೆ ಸರ್ವಜ್ಞ ಯಾಕೆ ಅಂತ ಆಗಲೂ ಕೇಳಿದವರಿದ್ದರು, ಈಗಲೂ ಇದ್ದಾರೆ. ಜನ ಯಾವ ಮಾತಿನಲ್ಲಿ ದೇವರನ್ನು ಯೋಚಿಸುತ್ತಾರೋ ಆ ಮಾತು ಗೊತ್ತಿಲ್ಲದೆ ಅವರಿಗೆ ಏನು ಹೇಳ್ತೀರಿ? ಅದೇ ಬಲ್ಮಠದ ಇನ್ನೊಬ್ಬರು ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ. ಅಲ್ಲಿ ಪಾಠ ಮಾಡಿ, ಪ್ರಿನ್ಸಿಪಾಲರಾಗಿ, ಮುಂದೆ ಸೆರಾಂಪುರದಲ್ಲೂ ಪ್ರಿನ್ಸಿಪಾಲರಾಗಿ, 1971ರಲ್ಲಿ ಜಿನೀವಾದ ಸಭೆಗಳ ಜಾಗತಿಕ ಮಂಡಳಿಯಲ್ಲಿ ಬೇರೆ ಧರ್ಮದವರ ಜೊತೆ ಸಂವಾದ ನಡೆಸುವ ವಿಭಾಗಕ್ಕೆ ಮೊದಲ ನಿರ್ದೇಶಕರಾದರು. ಬಲ್ಮಠಕ್ಕೆ ಹೋದರೆ ಬಾವಿ ಕಪ್ಪೆ ಆಗ್ತೀನಾ ಅಂತ ನಿಮಗೆ ಅನಿಸಿದ್ದರೆ ಈ ಎರಡು ಹೆಸರು ಸಾಕು.

ಆದರೂ ಒಂದು ತೊಂದರೆ ಮುಚ್ಚಿಡುವುದಿಲ್ಲ. ಕನ್ನಡದಲ್ಲಿ ಪಠ್ಯ ಕಡಿಮೆ. ಹಳೆ ಒಡಂಬಡಿಕೆಯ ಮೇಲೆ ಒಳ್ಳೆ ವ್ಯಾಖ್ಯಾನ ಬೇಕಾದರೆ ಇಂಗ್ಲಿಷಿಗೇ ಹೋಗಬೇಕು. ಅದರಲ್ಲಿ ನಿಮಗೆ ಲಾಭ ಇದೆ. ಹಳ್ಳಿಯಿಂದ ಬಂದ ಕ್ಲಾಸ್‌ಮೇಟಿಗೆ ಇಂಗ್ಲಿಷ್ ಪುಸ್ತಕ ಕಬ್ಬಿಣದ ಕಡಲೆ, ನಿಮಗಲ್ಲ. ಅವರಿಗೆ ಕನ್ನಡದಲ್ಲಿ ಪ್ರಾರ್ಥನೆ ನೀರಿನ ಹಾಗೆ ಬರುತ್ತದೆ, ನಿಮಗೆ ಬರಲ್ಲ. ಇಬ್ಬರೂ ಸೇರಿ ಓದಿ. ಆಮೇಲೆ ಎಂ.ಟಿಎಚ್.ಗೆ, ಅಂದರೆ ಬಿ.ಡಿ.ಯ ಮೇಲಿನ ಡಿಗ್ರಿಗೆ, ಬೆಂಗಳೂರು. ಬಿ.ಡಿ.ಯಲ್ಲಿ ಸೆಕೆಂಡ್ ಕ್ಲಾಸ್ ಇದ್ದರೆ ಎರಡು ವರ್ಷದ ಎಂ.ಟಿಎಚ್. ಮಾಡಬಹುದು. ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ, ದೈವಶಾಸ್ತ್ರ, ಸಭಾಚರಿತ್ರೆ, ಧರ್ಮಗಳ ಅಧ್ಯಯನ, ಹೀಗೆ ಯಾವುದಾದರೂ ಒಂದು. ಆದರೆ ನಡುವೆ ಎರಡು ಮೂರು ವರ್ಷ ಸಭೆಯಲ್ಲಿ ಕೆಲಸ ಮಾಡಿ ಹೋಗಿ. ಬಿ.ಡಿ.ಯಿಂದ ಸೀದಾ ಎಂ.ಟಿಎಚ್., ಅಲ್ಲಿಂದ ಸೀದಾ ಡಾಕ್ಟರೇಟ್, ಅಲ್ಲಿಂದ ಸೀದಾ ಪಾಠ ಹೇಳುವ ಕುರ್ಚಿ. ಇಂಥವರು ಜಾಸ್ತಿ ಆಗಿದ್ದಾರೆ. ಮಣ್ಣು ಕೊಡುವ ಆರಾಧನೆಯನ್ನು ಒಂದು ಸಲವೂ ನಡೆಸದೆ ಪುನರುತ್ಥಾನದ ಮೇಲೆ ಪ್ರಬಂಧ ಬರೆಯುತ್ತಾರೆ.

ಓದಿನ ಒಳಗೆ ಏನಿರುತ್ತೆ ಅನ್ನುವುದನ್ನೂ ಹೇಳುತ್ತೇನೆ, ಯಾಕಂದರೆ ಮೊದಲ ವರ್ಷ ಎಲ್ಲರಿಗೂ ಒಂದು ಏಟು ಬೀಳುತ್ತದೆ. ಭಾನುವಾರ ಶಾಲೆಯಲ್ಲಿ ಕಲಿತ ಬೈಬಲ್ ಒಂದು, ಇಲ್ಲಿ ಓದಿಸುವ ರೀತಿ ಇನ್ನೊಂದು. ಆದಿಕಾಂಡದ ಜಲಪ್ರಳಯ ತೆಗೆದುಕೊಳ್ಳಿ. ಆರನೇ ಅಧ್ಯಾಯದಲ್ಲಿ ಪ್ರತಿ ಜಾತಿಯ ಪ್ರಾಣಿ ಒಂದೊಂದು ಜೋಡಿ. ಏಳನೇ ಅಧ್ಯಾಯಕ್ಕೆ ಬಂದರೆ ಶುದ್ಧ ಪ್ರಾಣಿಗಳು ಏಳೇಳು. ಯಾಕೆ ಹೀಗೆ? ಎರಡು ಹಳೆಯ ಕಥನಗಳನ್ನು ಒಂದಾಗಿ ಹೆಣೆದಿದ್ದಾರೆ ಅಂತ ಮೇಷ್ಟ್ರು ಹೇಳುತ್ತಾರೆ. ಐದು ಪುಸ್ತಕವನ್ನೂ ಮೋಶೆಯೇ ಬರೆದ ಅಂತ ಅಜ್ಜಿ ಹೇಳಿದ್ದು ಏನಾಯಿತು? ಯೆಶಾಯನ ಪುಸ್ತಕ ಬರೆದವನು ಒಬ್ಬನೇ ಅಲ್ಲವಾ? ಕೆಲವರು ಆ ವಾರ ಊಟ ಬಿಡುತ್ತಾರೆ. ಕೆಲವರು ಮೇಷ್ಟ್ರನ್ನೇ ನಾಸ್ತಿಕ ಅಂತಾರೆ, ನನಗೂ ಆ ಬಿರುದು ಸಿಕ್ಕಿದೆ. ಇನ್ನು ಕೆಲವರು ಹೊಸ ಬುದ್ಧಿವಂತಿಕೆ ತಲೆಗೇರಿ ರಜಕ್ಕೆ ಊರಿಗೆ ಹೋದಾಗ ಅಜ್ಜಿಗೇ ಪಾಠ ಶುರು ಮಾಡುತ್ತಾರೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ಎರಡನೇ ವರ್ಷಕ್ಕೆ ಹೆಚ್ಚಿನವರು ಒಂದು ಹದಕ್ಕೆ ಬರುತ್ತಾರೆ. ನೀವು ಕೋಡ್ ಬರೆಯುವವರಲ್ವಾ, ಹತ್ತು ಜನ ಹತ್ತು ವರ್ಷ ಬರೆದ ಪ್ರೋಗ್ರಾಮಿನಲ್ಲಿ ಯಾರ ಕೈ ಎಲ್ಲಿದೆ ಅಂತ ಪತ್ತೆ ಹಚ್ಚುವುದು ನಿಮಗೆ ಅಭ್ಯಾಸ. ಈ ವಿಷಯದಲ್ಲಿ ನಿಮಗೆ ಅಷ್ಟು ಗಾಬರಿ ಆಗಲಿಕ್ಕಿಲ್ಲ.

ಏಟು ಇನ್ನೊಂದು ಕಡೆಯಿಂದಲೂ ಬರುತ್ತದೆ. 1981ರಲ್ಲಿ ಬೆಂಗಳೂರಿನ ಯು.ಟಿ.ಸಿ.ಯಲ್ಲಿ ಅರವಿಂದ ನಿರ್ಮಲ್ ಒಂದು ಉಪನ್ಯಾಸ ಕೊಟ್ಟರು. ಭಾರತದ ಕ್ರೈಸ್ತರಲ್ಲಿ ಬಹುಪಾಲು ಜನ ದಲಿತರು, ಆದರೆ ಭಾರತೀಯ ದೈವಶಾಸ್ತ್ರ ಅಂತ ನಾವು ಓದಿಸುವುದೆಲ್ಲ ಮೇಲ್ಜಾತಿಯಿಂದ ಬಂದವರು ವೇದಾಂತದ ಮಾತಿನಲ್ಲಿ ಬರೆದದ್ದು, ಇದೇನಿದು ಅನ್ನುವುದು ಅವರ ತಕರಾರು. ದಲಿತ ದೈವಶಾಸ್ತ್ರ ಅಂತ ಇವತ್ತು ಜಗತ್ತಿನಾದ್ಯಂತ ಓದುವ ವಿಷಯಕ್ಕೆ ಆ ಉಪನ್ಯಾಸವನ್ನೇ ಶುರು ಅಂತ ಲೆಕ್ಕ ಹಿಡಿಯುತ್ತಾರೆ. ಇದನ್ನು ನೀವೂ ಓದುತ್ತೀರಿ. ಓದುವಾಗ ನಿಮ್ಮ ಊರ ಸಭೆಯಲ್ಲಿ ಮುಂದಿನ ಬೆಂಚಿನಲ್ಲಿ ಯಾರು ಕೂರುತ್ತಾರೆ, ಮದುವೆ ಮಾತು ಬಂದಾಗ ಏನು ಕೇಳುತ್ತಾರೆ ಅನ್ನುವುದು ನೆನಪಾಗುತ್ತದೆ. ನೆನಪಾಗಲಿ.

ಸೇವೆಗೆ ತಯಾರು ಮಾಡುವ ಪಾಠಗಳೂ ಇರುತ್ತವೆ. ಪ್ರಸಂಗ ಕಲೆ, ಆರಾಧನೆ, ಆಪ್ತಸಮಾಲೋಚನೆ, ಭಾನುವಾರದ ಸಭಾ ಕೆಲಸ. ಇವುಗಳಲ್ಲಿ ನಾನು ಒತ್ತಿ ಹೇಳುವುದು ಒಂದನ್ನೇ. ಅವಕಾಶ ಸಿಕ್ಕರೆ ರಜೆಯಲ್ಲಿ ಸಿ.ಪಿ.ಇ. ಮಾಡಿ. ಅಂದರೆ ಆಸ್ಪತ್ರೆಯಲ್ಲಿ ಇದ್ದುಕೊಂಡು ರೋಗಿಗಳ ಹತ್ತಿರ ಕೂರುವ ತರಬೇತಿ. ವೆಲ್ಲೂರಿನ ಸಿ.ಎಂ.ಸಿ.ಯಲ್ಲಿದೆ, ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಯಲ್ಲಿದೆ. ವಾರ್ಡಿಗೆ ಹೋಗಿ ಒಬ್ಬರ ಜೊತೆ ಮಾತಾಡಿ ಬಂದು, ಅವರೇನಂದರು, ನೀವೇನಂದಿರಿ, ನಡುವೆ ಎಷ್ಟು ಹೊತ್ತು ಸುಮ್ಮನಿದ್ದಿರಿ, ಎಲ್ಲವನ್ನೂ ನೆನಪಿನಿಂದ ಮಾತಿಗೆ ಮಾತು ಬರೆಯಬೇಕು. ಆಮೇಲೆ ಅದನ್ನು ಗುಂಪಿನ ಮುಂದೆ ಓದಬೇಕು. ಅಲ್ಲಿ ಗೊತ್ತಾಗುತ್ತದೆ ನಾವೆಂಥ ಜನ ಅಂತ. ನಾನು ಬರೆದ ಮೊದಲ ಕಾಗದದಲ್ಲಿ ರೋಗಿಯ ಮಾತು ಆರು ಸಾಲು, ನನ್ನದು ಎರಡು ಪುಟ. ಆಕೆ ಮಗನ ಸುದ್ದಿ ಎತ್ತಿದ ಕೂಡಲೇ ನಾನು ಪ್ರಾರ್ಥನೆ ಮಾಡೋಣ ಅಂದಿದ್ದೆ. "ಪ್ರಾರ್ಥನೆ ಅವರಿಗೆ ಬೇಕಿತ್ತಾ, ನಿಮಗೆ ತಪ್ಪಿಸಿಕೊಳ್ಳೋಕೆ ಬೇಕಿತ್ತಾ?" ಅಂತ ತರಬೇತುದಾರರು ಕೇಳಿದರು. ಆ ಪ್ರಶ್ನೆ ಇನ್ನೂ ನನ್ನ ಜೊತೆ ಇದೆ. ನಾಲ್ಕು ವರ್ಷದ ಎಷ್ಟೋ ಪೇಪರ್‌ಗಳ ಹೆಸರೂ ಮರೆತುಹೋಗಿದೆ.

ಇನ್ನು ಹೆಣ್ಣುಮಗಳಾಗಿ ನೀವು ಈ ದಾರಿಗೆ ಬರುವ ಮಾತು. ಸಿ.ಎಸ್.ಐ.ನಲ್ಲಿ ಹೆಣ್ಣುಮಕ್ಕಳಿಗೆ ದೀಕ್ಷೆ ಶುರುವಾದದ್ದು 1970ರ ದಶಕದಲ್ಲಿ. 2013ರಲ್ಲಿ ಎಗ್ಗೋಣಿ ಪುಷ್ಪಲಲಿತ ಅವರು ಆಂಧ್ರದ ನಂದ್ಯಾಲಕ್ಕೆ ಬಿಷಪ್ ಆದರು, ಸಿ.ಎಸ್.ಐ.ನ ಮೊದಲ ಹೆಣ್ಣು ಬಿಷಪ್. ಕಾನೂನಿನಲ್ಲಿ ಬಾಗಿಲು ತೆರೆದಿದೆ. ರೂಢಿಯಲ್ಲಿ ಅರ್ಧ. ನಮ್ಮ ಮಾತನ್ನೇ ನೋಡಿ. ಸಭಾಪಾಲಕರು "ಅಯ್ಯನವರು", ಅವರ ಹೆಂಡತಿ "ಅಮ್ಮನವರು". ನಾಳೆ ನೀವು ಬಂದರೆ ಏನಂತ ಕರೀತಾರೆ? ಅಮ್ಮನವರು ಅಂದರೆ ಅಯ್ಯನವರ ಹೆಂಡತಿ ಅನ್ನಿಸುತ್ತದೆ. ಒಂದು ಸಭೆಯಲ್ಲಿ ಹೆಣ್ಣು ಸಭಾಪಾಲಕಿಯನ್ನು "ಮೇಡಂ ಅಯ್ಯನವರು" ಅಂತ ಕರೆದದ್ದನ್ನು ನಾನೇ ಕೇಳಿದ್ದೇನೆ. ಕೆಲವು ಕಡೆ ಹೆಣ್ಣುಮಕ್ಕಳು ಕೊಟ್ಟರೆ ಕರ್ತನ ರಾತ್ರಿಭೋಜನ ತಗೊಳ್ಳಲ್ಲ ಅನ್ನುವ ಹಿರಿಯರು ಸಿಗುತ್ತಾರೆ. ಬಿ.ಡಿ. ಆದ ಹೆಣ್ಣುಮಕ್ಕಳನ್ನು ಹಾಸ್ಟೆಲ್ ವಾರ್ಡನ್ ಕೆಲಸಕ್ಕೋ ಮಹಿಳಾ ಕೂಟಕ್ಕೋ ಹಾಕಿ, ದೀಕ್ಷೆ ಆಮೇಲೆ ನೋಡೋಣ ಅಂತ ವರ್ಷ ವರ್ಷ ತಳ್ಳುವುದೂ ಇದೆ. ಇದನ್ನು ಸಂದರ್ಶನದಲ್ಲೇ ಕೇಳಿಬಿಡಿ. "ಓದು ಮುಗಿದ ಎಷ್ಟು ದಿನಕ್ಕೆ ದೀಕ್ಷೆ, ಹಿಂದೆ ಹೋದ ಹೆಣ್ಣುಮಕ್ಕಳಿಗೆ ಎಷ್ಟು ದಿನಕ್ಕೆ ಆಯ್ತು?" ಮೊದಲನೆಯದಕ್ಕೆ ಎಲ್ಲರೂ ಚೆನ್ನಾಗಿ ಉತ್ತರ ಕೊಡುತ್ತಾರೆ. ಎರಡನೆಯದರ ಉತ್ತರ ಬರೆದಿಟ್ಟುಕೊಳ್ಳಿ.

ಅಮೆರಿಕ. ಗೆಳತಿ ಹೇಳಿದ್ದು ಪೂರ್ತಿ ತಪ್ಪಲ್ಲ, ಹೊತ್ತು ತಪ್ಪು. ಅಲ್ಲಿ ಎಂ.ಡಿವ್. ಅನ್ನುವುದು ಅಲ್ಲಿನ ಸಭೆಗಳಿಗೆ ಪಾಸ್ಟರ್ ತಯಾರು ಮಾಡುವ ಮೂರು ವರ್ಷದ ಓದು. ಅಲ್ಲಿನ ಆಡಳಿತ, ಅಲ್ಲಿನ ಕಾನೂನು, ಅಲ್ಲಿನ ಒಂಟಿತನ, ಎಲ್ಲಕ್ಕೂ ಅಲ್ಲಿನದೇ ಉದಾಹರಣೆ. ಖರ್ಚು ಜಾಸ್ತಿ, ವೀಸಾಕ್ಕೆ ಬ್ಯಾಂಕಿನಲ್ಲಿ ದುಡ್ಡು ತೋರಿಸಬೇಕು. ಬಿ.ಡಿ. ಆಗಿ, ಸಭೆಯಲ್ಲಿ ಕೆಲಸ ಮಾಡಿ, ಇಂಥದ್ದೇ ವಿಷಯ ಓದಬೇಕು ಅಂತ ಗೊತ್ತಾದ ಮೇಲೆ ಹೋದರೆ ಒಂದು ವರ್ಷದ ಟಿಎಚ್.ಎಂ. (ಅಲ್ಲಿನ ಎಂ.ಟಿಎಚ್.) ಸಾಕು. ಪ್ರಿನ್ಸ್‌ಟನ್‌ನಂಥ ಸೆಮಿನರಿಗಳಲ್ಲಿ ಅದು ಇದೆ. ಡಾಕ್ಟರೇಟ್ ಕನಸಿದ್ದರೆ ಜರ್ಮನ್ನೋ ಫ್ರೆಂಚೋ ಓದಲು ಬರಬೇಕು, ಬೈಬಲ್ ವಿಷಯವಾದರೆ ಗ್ರೀಕು, ಇಬ್ರಿಯ ಗಟ್ಟಿ ಇರಬೇಕು. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಹೋದವರಲ್ಲಿ ಎಷ್ಟೋ ಜನ ವಾಪಸ್ ಬರುವುದಿಲ್ಲ. ಅದು ಪಾಪ ಅಂತ ನಾನು ಹೇಳಲ್ಲ. ಆದರೆ ಬೆಟಗೇರಿಯ ಸಭೆಗೆ ಅಂತ ಹೊರಟವರು ಡಲ್ಲಾಸ್‌ನಲ್ಲಿ ನಿಲ್ಲುವುದಾದರೆ ಅದನ್ನು ಮೊದಲೇ ತಮಗೆ ತಾವು ಹೇಳಿಕೊಳ್ಳುವುದು ಒಳ್ಳೆಯದು.

ಇದನ್ನು ಓದುವ ಕಥೋಲಿಕರೂ ಇರಬಹುದು, ಅವರಿಗೆ ಎರಡು ಮಾತು. ಅಲ್ಲಿ ಗುರುವಾಗಲು ಸಭೆಯ ಕಾನೂನಿನ ಪ್ರಕಾರ ಕನಿಷ್ಠ ಎರಡು ವರ್ಷದ ತತ್ವಶಾಸ್ತ್ರ, ನಾಲ್ಕು ವರ್ಷದ ದೈವಶಾಸ್ತ್ರ. ಕಾಲೇಜು ಯಾವುದು ಅಂತ ಹುಡುಗ ತೀರ್ಮಾನಿಸುವುದಿಲ್ಲ, ಧರ್ಮಪ್ರಾಂತವೋ ಸನ್ಯಾಸ ಸಭೆಯೋ ತೀರ್ಮಾನಿಸುತ್ತದೆ. ಮಲ್ಲೇಶ್ವರದ ಸಂತ ಪೇತ್ರರ ಸೆಮಿನರಿ, ಮಂಗಳೂರು ಜೆಪ್ಪುವಿನ ಸಂತ ಜೋಸೆಫರ ಸೆಮಿನರಿ ನಿಮಗೆ ಗೊತ್ತಿರುತ್ತವೆ. ಹೆಣ್ಣುಮಕ್ಕಳಿಗೆ ಗುರುದೀಕ್ಷೆ ಇಲ್ಲ, ಆದರೆ ಓದಿಗೆ ಅಡ್ಡಿಯಿಲ್ಲ. ಬೆಂಗಳೂರಿನ ಧರ್ಮಾರಾಮ್‌ನಲ್ಲಿ ಸಿಸ್ಟರ್‌ಗಳೂ ಸಾಮಾನ್ಯ ವಿಶ್ವಾಸಿಗಳೂ ಓದುತ್ತಾರೆ. ದೀಕ್ಷೆಯೇ ಬೇಡ, ಕ್ರೈಸ್ತಧರ್ಮವನ್ನು ಒಂದು ಅಧ್ಯಯನವಾಗಿ ಓದಬೇಕು ಅನ್ನುವವರಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಅದಕ್ಕೊಂದು ವಿಭಾಗವೇ ಇದೆ.

ಅಮ್ಮನ ಪ್ರಶ್ನೆಗೆ ಬರೋಣ. ಓದಿ ಆಮೇಲೆ ಏನು? ಡಯಾಸಿಸ್ ಕಳಿಸಿದರೆ ಸಾಮಾನ್ಯವಾಗಿ ಫೀಸಿನ ಹೊರೆ ಬಹಳಷ್ಟು ಅದೇ ಹೊರುತ್ತದೆ, ಅದಕ್ಕೆ ಬದಲಾಗಿ ಅಲ್ಲೇ ಸೇವೆ ಮಾಡಬೇಕು. ಸಂಬಳ ಈಗಿನದಕ್ಕೆ ಹೋಲಿಸಬೇಡಿ, ಹೋಲಿಸಿದರೆ ಕಣ್ಣೀರು ಬರುತ್ತೆ. ಮನೆ ಕೊಡುತ್ತಾರೆ. ಆ ಮನೆಯ ಮಾಡು ಮಳೆಗಾಲದಲ್ಲಿ ಹೇಗಿರುತ್ತೆ ಅನ್ನುವುದು ಕಮಿಟಿಯವರ ಮನಸ್ಸಿಗೆ ಬಿಟ್ಟದ್ದು. ಕೆಲವು ವರ್ಷಕ್ಕೊಮ್ಮೆ ವರ್ಗ. ಸಭೆಯೊಳಗೆ ರಾಜಕೀಯ ಇದೆ, ಆಸ್ತಿ ಜಗಳ ಇದೆ, ಕೋರ್ಟು ಕೇಸು ಇದೆ. ನಿಮಗೂ ಗೊತ್ತು, ಅಮ್ಮನಿಗೆ ನಿಮಗಿಂತ ಚೆನ್ನಾಗಿ ಗೊತ್ತು, ಅದಕ್ಕೇ ಅವರು ಕೇಳುತ್ತಿರುವುದು. ನೀವು ಮದುವೆಯಾಗುವುದಾದರೆ ವರ್ಗ ಆದಾಗಲೆಲ್ಲ ಗಂಡ ನಿಮ್ಮ ಹಿಂದೆ ಬರುತ್ತಾನಾ ಅನ್ನುವ ಪ್ರಶ್ನೆ ಬರುತ್ತದೆ. ಅಯ್ಯನವರ ಹೆಂಡತಿಯನ್ನು ಯಾರೂ ಇದನ್ನು ಕೇಳಲಿಲ್ಲ, ನಿಮ್ಮನ್ನು ಎಲ್ಲರೂ ಕೇಳುತ್ತಾರೆ. ಅಮ್ಮನನ್ನು ಒಪ್ಪಿಸೋಕೆ ಸಿಹಿ ಸುಳ್ಳು ಹೇಳಬೇಡಿ. ಎಲ್ಲ ಹೇಳಿದ ಮೇಲೂ ಅವರು ಬೇಡ ಅಂದರೆ ಒಂದು ವರ್ಷ ಕಾಯಿರಿ, ಮೂರು ವರ್ಷ ಕಾದವರಿಗೆ ಇನ್ನೊಂದು ದೊಡ್ಡದಲ್ಲ.

ಕಾಯುವ ವರ್ಷ ಸುಮ್ನೆ ಹೋಗಬಾರದು. ಕೆಲಸ ಮಾಡುತ್ತಲೇ ಓದುವವರಿಗೆ ಸೆರಾಂಪುರದವರದೇ ಅಂಚೆ ಪಾಠ ಇದೆ. ಕೋಲ್ಕತ್ತದ ಸೆಪ್ಟರ್ ಅನ್ನುವ ಅವರ ವಿಭಾಗ ನಡೆಸುವ ಡಿಪ್ಲೊಮಾ, ಬಿ.ಸಿ.ಎಸ್. ಅದು ನಿಮಗೆ ಬಿ.ಡಿ. ಬದಲಿಗಲ್ಲ, ಈ ಓದು ಮೈಗೆ ಹತ್ತುತ್ತದಾ ಅಂತ ನೋಡಿಕೊಳ್ಳೋಕೆ. ಗ್ರೀಕ್ ಅಕ್ಷರ 24, ದಿನಕ್ಕೆ ಎರಡು ಬರೆದರೆ ಎರಡು ವಾರದೊಳಗೆ ಬರುತ್ತದೆ. ಕನ್ನಡ ಬೈಬಲನ್ನು ಜೋರಾಗಿ ಓದಿ, ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟು, ದಿನಾ ಒಂದು ಅಧ್ಯಾಯ. ಬೆಂಗಳೂರಿನಲ್ಲಿ ಈಗ ಹೋಗುತ್ತಿರುವುದು ಇಂಗ್ಲಿಷ್ ಆರಾಧನೆಗೆ ಅಂತ ನನ್ನ ಊಹೆ. ತಿಂಗಳಿಗೆ ಎರಡು ಭಾನುವಾರವಾದರೂ ಕನ್ನಡ ಆರಾಧನೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು, ಪ್ರಸಂ‌ಗದ ಯಾವ ಪದಕ್ಕೆ ಜನ ತಲೆ ಎತ್ತುತ್ತಾರೆ, ಯಾವುದಕ್ಕೆ ಮೊಬೈಲ್ ತೆಗೆಯುತ್ತಾರೆ ನೋಡಿ. ಈಗಾಗಲೇ ದೀಕ್ಷೆಯಾದ ಇಬ್ಬರು ಹೆಣ್ಣು ಸಭಾಪಾಲಕಿಯರ ಮನೆಗೆ ಹೋಗಿ ಊಟ ಮಾಡಿ ಬನ್ನಿ. ಆಫೀಸಿನಲ್ಲಲ್ಲ, ಮನೆಯಲ್ಲಿ.

ಅದಕ್ಕೂ ಮೊದಲು, ಈ ತಿಂಗಳು ಊರಿಗೆ ಹೋದಾಗ ಅಯ್ಯನವರ ಹತ್ತಿರ ಕೂತು ಮಾತಾಡಿ. ಅವರು ಮೊದಲ ಸಲ ಬೇಡಮ್ಮ ಅನ್ನಬಹುದು. ನಾನು ಬಂದವರಿಗೆಲ್ಲ ಮೊದಲ ಸಲ ಹಾಗೇ ಹೇಳುತ್ತಿದ್ದೆ, ಎರಡನೇ ಸಲ ಬಂದವರ ಜೊತೆ ಮಾತ್ರ ಚಹಾ ಕುಡಿಯುತ್ತಿದ್ದೆ. ಡಯಾಸಿಸ್ ಅರ್ಜಿ ಯಾವಾಗ ಕರೆಯುತ್ತದೆ ಅಂತ ಅವರಿಂದಲೇ ತಿಳಿದುಕೊಳ್ಳಿ. ಕಂಪನಿಗೆ ರಾಜೀನಾಮೆ ಪತ್ರವನ್ನು ಮಾತ್ರ ಡಯಾಸಿಸ್‌ನ ಒಪ್ಪಿಗೆಯೂ ಕಾಲೇಜಿನ ಪ್ರವೇಶದ ಕಾಗದವೂ ಎರಡೂ ಕೈಗೆ ಬರುವ ತನಕ ಬರೆಯಬೇಡಿ.